ಅತ್ತೆಯ ಕಚ್ಚಾ ದನಿ

ನಮ್ಮ ಆಫೀಸಲ್ಲಿ ಯಾರೂ ಸುಮ್ನೆ ಕೂತಿರಲ್ಲ. ಸುಮ್ನೆ ಕೂತಿದ್ರೂ ಅದಕ್ಕೆ "ಐಡಿಯಾ ಕಾವಿಗೆ ಕೂತಿದೆ" ಅಂತಾರೆ. ಜಾಹೀರಾತು ಏಜೆನ್ಸಿ ಅಂದ್ರೆ ಹಂಗೇ ನೋಡಿ. ಗೋಡೆ ಮೇಲೆ ಆಳೆತ್ತರದ ಅಕ್ಷರದಲ್ಲಿ "ಇಲ್ಲಿ ತಪ್ಪು ಮಾಡೋಕೆ ಹೆದರಬೇಡಿ" ಅಂತ ಬರೆಸಿದಾರೆ, ಅದರ ಕೆಳಗೇ ಒಂದು ಹಾಳೆ ಅಂಟಿಸಿದಾರೆ: "ಟೀ ಲೋಟ ತೊಳೆಯದೆ ಇಟ್ಟವರ ಮೇಲೆ ಕ್ರಮ ಕೈಗೊಳ್ಳಲಾಗುವುದು." ನಾನು ಅಲ್ಲಿ ಬರಹಗಾರ್ತಿ. ಅಂದ್ರೆ ಪೂರ್ತಿ ಅಲ್ಲ, ಇನ್ನೂ ಕೆಲ್ಸ ಕಾಯಂ ಆಗಿಲ್ಲ. ಕಾಯಂ ಆದವ್ರಿಗೆ ಎರಡು ಕೈ ಇರೋ ಕುರ್ಚಿ ಕೊಡ್ತಾರೆ. ನನ್ನ ಕುರ್ಚಿಗೆ ಎಡಗೈ ಇಲ್ಲ, ಮೊಣಕೈ ಊರೋಕೆ ಹೋಗಿ ದಿನಕ್ಕೊಂದ್ಸಲ ಬೀಳ್ತೀನಿ. ಆದ್ರೂ ಈ ಕೆಲ್ಸ ಅಂದ್ರೆ ನಂಗೆ ಪ್ರಾಣ. ಬಸ್ಸಲ್ಲಿ ಹೋಗ್ತಾ ಸೋಪಿನ ಬೋರ್ಡು ಕಂಡ್ರೂ ಸಾಕು, ಮನಸ್ಸಲ್ಲೇ ಅದರ ಸಾಲು ತಿದ್ದಿ ತೀಡಿ ಮುಗಿಸೋ ಹೊತ್ತಿಗೆ ಇಳಿಯೋ ಸ್ಟಾಪು ಹಿಂದೆ ಹೋಗಿರುತ್ತೆ.

ಮೊದ್ಲು ನಮ್ಮೋರ ಪರಿಚಯ ಮಾಡಿಸ್ಬಿಡ್ತೀನಿ, ಆಮೇಲೆ ಕಥೆ ಓಡುತ್ತೆ. ನಮ್ಮ ಕ್ರಿಯೇಟಿವ್ ಡೈರೆಕ್ಟರ್‌ನ ಎಲ್ಲರೂ ಹಿಂದಿಂದ ಗಡ್ಡ ಅಂತೀವಿ. ಐಡಿಯಾ ಬಂದ್ರೆ ಗಡ್ಡಾನ ಮೇಲಿಂದ ಕೆಳಕ್ಕೆ ಸವರ್ತಾರೆ, ಬರದಿದ್ರೆ ಕೆಳಗಿಂದ ಮೇಲಕ್ಕೆ. ಕ್ಲೈಂಟ್ ಜೊತೆ ಮಾತಾಡೋ ಮ್ಯಾನೇಜರ್ ಹೆಸರು ಆಗ್ಲಿಸಾರ್. ಅಪ್ಪ ಅಮ್ಮ ಇಟ್ಟಿದ್ದು ಬೇರೆ ಇರ್ಬೇಕು, ಆದ್ರೆ ಕ್ಲೈಂಟು "ಲೋಗೋ ದೊಡ್ಡದು ಮಾಡಿ" ಅಂದ್ರೂ "ಆಗ್ಲಿ ಸಾರ್", "ಚಿಕ್ಕದು ಮಾಡಿ" ಅಂದ್ರೂ "ಆಗ್ಲಿ ಸಾರ್", "ದೊಡ್ಡದೂ ಇರ್ಲಿ ಚಿಕ್ಕದೂ ಕಾಣ್ಲಿ" ಅಂದ್ರೂ "ಆಗ್ಲಿ ಸಾರ್". ಇನ್ನು ಸೌಂಡಣ್ಣ. ದನಿ, ಸಂಗೀತ, ಎಡಿಟ್ಟು ಎಲ್ಲ ಅವನದು. ಕಿವಿ ಮೇಲೆ ಯಾವಾಗ್ಲೂ ಹೆಡ್‌ಫೋನು, ಹಾಗಾಗಿ ಲೋಕದ ಮಾತು ಅವನಿಗೆ ಅರ್ಧ ಮಾತ್ರ ಕೇಳ್ಸುತ್ತೆ.

ಮನೇಲಿ ಅತ್ತೆ. ನಮ್ಮಪ್ಪನ ಅಕ್ಕ. ಕೆಲ್ಸಕ್ಕೆ ಅಂತ ಈ ಊರಿಗೆ ಬಂದಾಗ್ಲಿಂದ ಅತ್ತೆ-ಮಾವನ ಮನೇಲೇ ಇದೀನಿ. ಅತ್ತೆ ಮನೇಲೇ ಪರದೆ, ದಿಂಬಿನ ಕವರು ಹೊಲೀತಾರೆ. ಬಾಯಲ್ಲಿ ಸಾಲಾಗಿ ಗುಂಡುಸೂಜಿ ಕಚ್ಕೊಂಡು, ಒಂದೂ ಬೀಳಿಸದೆ ಬೈಯೋ ಕಲೆ ಅವರಿಗೊಬ್ಬರಿಗೇ ಸಿದ್ಧಿಸಿರೋದು. ಮಾವಂದು ಗಡಿಯಾರ ರಿಪೇರಿ ಅಂಗಡಿ. ಆದ್ರೆ ನಮ್ಮನೇಲಿ ಅಲಾರಂ ಇಲ್ಲ. "ಚಿನ್ನ ಇರೋ ಮನೇಲಿ ಗಿಲೀಟು ಯಾಕೆ?" ಅಂತಾರೆ ಮಾವ. ಬೆಳಿಗ್ಗೆ ಅತ್ತೆ ಬಾಯಿ ತೆಗೆದ್ರೆ ನಾನು, ಮಾವ, ಮೇಲ್ಮನೆ ಮೇಷ್ಟ್ರು, ಎದುರುಗಡೆ ಗೋಡೆ ಮೇಲಿನ ಬೆಕ್ಕು, ಎಲ್ರೂ ಒಟ್ಟಿಗೇ ಏಳ್ತೀವಿ.

ಈಗ ಕಥೆಗೆ ಬರ್ತೀನಿ. ಹಾಸಿಗೆ ಕಂಪನಿಯೊಂದರ ರೇಡಿಯೋ ಜಾಹೀರಾತು ನಮಗೆ ಸಿಗೋದ್ರಲ್ಲಿತ್ತು. ಇನ್ನೂ ಸಿಕ್ಕಿರ್ಲಿಲ್ಲ. ಆ ಕಂಪನಿ ಯಜಮಾನರಿಗೊಂದು ಅಭ್ಯಾಸ: ನಾವು ಪ್ರೆಸೆಂಟೇಶನ್ ಶುರು ಮಾಡಿದ ಕೂಡ್ಲೆ ನಿದ್ದೆ ಹೋಗ್ತಾರೆ. ಒಂದ್ಸಲ ಅಲ್ಲ, ಪ್ರತಿ ಸಲ. ಎಚ್ಚರ ಆದ್ಮೇಲೆ "ಇನ್ನೂ ಏನೋ ಬೇಕು" ಅಂತ ಎದ್ದು ಹೋಗ್ತಾರೆ. ಆಗ್ಲಿಸಾರ್ ಹಿಂದಿನಿಂದ್ಲೇ "ಆಗ್ಲಿ ಸಾರ್" ಅಂತ ಓಡ್ತಾರೆ. ಇದು ಕೊನೇ ಅವಕಾಶ ಅಂತ ಗೊತ್ತಾದಾಗ ಗಡ್ಡ ಸ್ವತಃ ಸ್ಕ್ರಿಪ್ಟ್ ಬರೆದ್ರು. ಬರೆದಿದ್ದೇನು?

"ನಿದ್ರೆ... ಒಂದು ನದಿ. ನೀನು... ಒಂದು ದೋಣಿ. ದಡ... ಎಲ್ಲಿದೆ?"

ಹಾಸಿಗೆ ಎಲ್ಲಿದೆ ಅಂತ ಕೇಳೋಣ ಅನ್ನಿಸ್ತು, ಕಾಯಂ ಆಗದವ್ರು ಕೇಳಬಾರ್ದು ಅಂತ ಸುಮ್ನಾದೆ.

ನಮ್ಮಲ್ಲೊಂದು ಪದ್ಧತಿ ಇದೆ. ದೊಡ್ಡ ಕಲಾವಿದರ ಹತ್ರ ದನಿ ಮಾಡಿಸೋ ಮುಂಚೆ ಆಫೀಸಿನ ಯಾರಾದ್ರೂ ಒಬ್ಬರು ಸುಮ್ನೆ ಓದಿ ರೆಕಾರ್ಡ್ ಮಾಡ್ತೀವಿ, ಕ್ಲೈಂಟಿಗೆ ಅಂದಾಜು ಸಿಗ್ಲಿ ಅಂತ. ಅದಕ್ಕೆ ಕಚ್ಚಾ ದನಿ ಅಂತೀವಿ. ಗಡ್ಡ ನನ್ನ ಕಡೆ ಬೆರಳು ತೋರಿಸಿ, "ಮರಿ, ನೀನು ಓದು. ಪಿಸುಮಾತಲ್ಲಿ ಓದು. ಕೇಳಿದವ್ರಿಗೆ ಕೇಳಿಸ್ಲೂಬಾರ್ದು, ಕೇಳ್ಲಿಲ್ಲ ಅಂತಾನೂ ಅನ್ನಿಸ್ಬಾರ್ದು" ಅಂದ್ರು. ಆಫೀಸಿನ ಪಕ್ಕದಲ್ಲಿ ಗೋಡೆ ಕೊರೀತಿದ್ರು, ಹಾಗಾಗಿ ಮನೇಲೇ ಮಾಡ್ಕೊಂಡು ಬಾ ಅಂದ್ರು. "ಕಂಬಳಿ ಮುಸುಕು ಹಾಕ್ಕೊಂಡು ರೆಕಾರ್ಡ್ ಮಾಡು, ದನಿ ಗೋಡೆಗೆ ಬಡಿದು ವಾಪಸ್ ಬರಲ್ಲ" ಅಂದ ಸೌಂಡಣ್ಣ. ಇದು ನಿಜವಾದ ಉಪಾಯ, ಈ ಕೆಲಸದಲ್ಲಿರೋ ಎಲ್ರಿಗೂ ಗೊತ್ತು. ಅತ್ತೆಗೆ ಗೊತ್ತಿಲ್ಲ, ಅಷ್ಟೆ.

ಮಾರನೇ ಬೆಳಿಗ್ಗೆ ಬೇಗ ಎದ್ದೆ. ಹೌದು, ನಾನೇ, ನಾನಾಗೇ ಎದ್ದೆ! ಮುಖ ತೊಳೆದು, ರೆಡಿಯಾಗಿ, ಮತ್ತೆ ಹಾಸಿಗೇಲಿ ಕೂತು, ಕಂಬಳಿ ಮುಸುಕೆಳ್ಕೊಂಡು, ಫೋನು ಬಾಯಿ ಹತ್ರ ಹಿಡ್ಕೊಂಡು ಶುರು ಮಾಡಿದೆ. "ನಿದ್ರೆ... ಒಂದು ನದಿ. ನೀನು... ಒಂದು ದೋಣಿ. ದಡ... ಎಲ್ಲಿ—"

ಧಡಾರ್ ಅಂತ ಬಾಗಿಲು.

"ಏನೇ! ಹಾಸಿಗೆಗೆ ಬೇರು ಬಿಟ್ಟಿದೀಯಾ? ನೀರು ಹಾಕ್ಲಾ, ಗೊಬ್ಬರ ಹಾಕ್ಲಾ? ಹೂವು ಬಿಟ್ಟಾಗ ಹೇಳು, ಬಂದು ಕಿತ್ಕೊಂಡು ಹೋಗ್ತೀನಿ! ಏಳ್ತೀಯೋ ಇಲ್ವೋ?"

ಇದ್ದಿದ್ದೊಂದೇ ಒಳ್ಳೆ ಟೇಕು. ಇನ್ನೊಂದ್ಸಲ ಓದೋಣ ಅಂದ್ರೆ ಬಸ್ಸಿನ ಹೊತ್ತು. ಇಡೀ ಫೈಲನ್ನೇ ಸೌಂಡಣ್ಣನಿಗೆ ಕಳಿಸಿ, "ಅಣ್ಣಾ, ಕೊನೇದು ಕಟ್ ಮಾಡು" ಅಂತ ಫೋನಲ್ಲಿ ಹೇಳಿದೆ. "ಆಯ್ತು ಆಯ್ತು" ಅಂದ. ಕಿವೀಲಿ ಹೆಡ್‌ಫೋನ್ ಇತ್ತು ಅಂತ ಆಮೇಲೆ ಗೊತ್ತಾಯ್ತು.

ಪ್ರೆಸೆಂಟೇಶನ್ ರೂಮು. ಗಡ್ಡ ದೀಪ ಮಂಕು ಮಾಡಿಸಿದ್ರು. ಯಜಮಾನರು ಕೂತ್ರು, ಹೊಟ್ಟೆ ಮೇಲೆ ಕೈ ಕಟ್ಟಿದ್ರು. ಗಡ್ಡ ನಿದ್ರೆಯ ತತ್ವದ ಬಗ್ಗೆ ಭಾಷಣ ಮಾಡಿದ್ರು. ಯಜಮಾನರ ತಲೆ ಎದೆಗೆ ಬಂತು. ಸ್ಪೀಕರಲ್ಲಿ ನನ್ನ ಪಿಸುದನಿ, ನಿದ್ರೆ ಒಂದು ನದಿ. ಯಜಮಾನರ ಬಾಯಿ ಅರ್ಧ ತೆಗೀತು. ನೀನು ಒಂದು ದೋಣಿ. ಸಣ್ಣಗೆ ಗೊರಕೆ. ದಡ ಎಲ್ಲಿ—

"ಏನೇ! ಹಾಸಿಗೆಗೆ ಬೇರು ಬಿಟ್ಟಿದೀಯಾ?"

"ಎದ್ದೆ ಎದ್ದೆ ಎದ್ದೆ!" ಅಂತ ಯಜಮಾನರು ನಿಂತೇಬಿಟ್ರು. ನಿಂತು, ಎರಡೂ ಕೈಯಿಂದ ಮುಖ ಉಜ್ಜಿ, ಚಪ್ಪಲಿ ಹುಡುಕ್ತಿದಾರೆ! ಸ್ಪೀಕರಿಂದ ಅತ್ತೆ ಗೊಬ್ಬರ ಹಾಕ್ತಾನೇ ಇದಾರೆ. ಎಲ್ಲ ಮುಗಿದ್ಮೇಲೆ ಕೊನೇಲಿ ಕುಹೂ ಅಂತ ಒಂದು ಹಕ್ಕಿ ಕೂಗ್ತು. ಅದನ್ನ ಸೌಂಡಣ್ಣ ಸೇರಿಸಿದ್ದು. ಗಡ್ಡನ ಸ್ಕ್ರಿಪ್ಟ್ ಅಂದ್ಮೇಲೆ ಹಿಂಗೂ ಇರಬಹುದು ಅಂದ್ಕೊಂಡು, ಕೊನೆ ಸ್ವಲ್ಪ ಒರಟಾಯ್ತು ಅನ್ನಿಸಿ, ಪಾಪ, ಹಕ್ಕಿ ಹಾಕಿದಾನೆ.

ಹೋಯ್ತು ಕುರ್ಚಿ, ಎಡಗೈಯೂ ಇಲ್ಲ ಬಲಗೈಯೂ ಇಲ್ಲ ಅಂದ್ಕೊಂಡೆ. ಯಜಮಾನರು ಸುತ್ತ ನೋಡಿದ್ರು. ಆಮೇಲೆ ನಕ್ರು ನೋಡಿ! ಮೇಜು ಬಡಿದು ಬಡಿದು ನಕ್ರು. "ಇದು! ಇದು ಬೇಕಾಗಿತ್ತು ನಂಗೆ! ಯಾರ್ರೀ ಆಯಮ್ಮ?"

ಗಡ್ಡ ಒಂದು ಕ್ಷಣ, ಒಂದೇ ಕ್ಷಣ, ಗಡ್ಡ ಕೆಳಗಿಂದ ಮೇಲಕ್ಕೆ ಸವರಿದ್ರು. ಆಮೇಲೆ ಕೈ ತಿರುಗ್ತು, ಮೇಲಿಂದ ಕೆಳಕ್ಕೆ ಬಂತು. "ಸಾರ್, ಇದಕ್ಕೆ ನಾವು ಭಂಗ ತಂತ್ರ ಅಂತೀವಿ. ಮೊದ್ಲು ನಿದ್ದೆಗೆ ಇಳಿಸ್ತೀವಿ, ಆಮೇಲೆ ಭಂಗ ಮಾಡ್ತೀವಿ. ಬಹಳ ದಿನದ ಅಧ್ಯಯನ ಸಾರ್ ಇದು."

"ಇದೇ ದನಿ ಬೇಕು ಮತ್ತೆ. ಬೇರೆ ದನಿ ಆದ್ರೆ ಬೇಡ್ವೇ ಬೇಡ."

"ಆಗ್ಲಿ ಸಾರ್!"

ಹೊರಗೆ ಬಂದ ಮೇಲೆ ಅದು ನಮ್ಮತ್ತೆ ದನಿ ಅಂತ ಒಪ್ಕೊಂಡೆ. ಗಡ್ಡ ನನ್ನ ಹೆಗಲ ಮೇಲೆ ಕೈ ಇಟ್ರು. "ಮರಿ, ನಿಮ್ಮತ್ತೇನ ಸ್ಟುಡಿಯೋಗೆ ಕರ್ಕೊಂಡು ಬಾ. ಆ ದನಿ ಚೆನ್ನಾಗಿ ರೆಕಾರ್ಡ್ ಆದ ದಿನಾನೇ ನಿನ್ನ ಕೆಲ್ಸ ಕಾಯಂ."

ಕುಣ್ಕೊಂಡು ಮನೆಗೆ ಹೋದೆ. ಅತ್ತೆ ಪರದೆ ಅಂಚು ಮಡಚ್ತಿದ್ರು, ಮಾವ ಯಾವುದೋ ಕೈಗಡಿಯಾರದ ಹೊಟ್ಟೆ ಬಿಚ್ಚಿ ಕೂತಿದ್ರು. ನಡೆದಿದ್ದೆಲ್ಲ ಒಂದೇ ಉಸಿರಲ್ಲಿ ಹೇಳಿ, "ಕೇಳಿ ಅತ್ತೆ, ಕೇಳಿ!" ಅಂತ ಫೋನಲ್ಲಿ ಹಾಕಿದೆ. ನಗ್ತಾರೆ ಅಂದ್ಕೊಂಡಿದ್ದೆ.

ಅತ್ತೆ ಬಾಯಿಂದ ಗುಂಡುಸೂಜಿ ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕಿದ್ರು.

"ಇದು ನಾನಾ?"

"ಹೂಂ ಅತ್ತೆ!"

"ನನ್ನ ದನಿ ಹಿಂಗಿದೆಯಾ? ತಗಡಿನ ಮೇಲೆ ಕಬ್ಬಿಣದ ಕುರ್ಚಿ ಎಳೆದಂಗೆ?"

"ಅಯ್ಯೋ ಹಂಗೇನಿಲ್ಲ, ಅದು ಫೋನಲ್ಲಿ..."

"ದಿನಾ ಬೆಳಿಗ್ಗೆ ನೀವೆಲ್ಲ ಇದನ್ನೇ ಕೇಳ್ತೀರಾ?" ಅಂತ ಮಾವನ ಕಡೆ ತಿರುಗಿದ್ರು.

ಮಾವ ತಲೆ ಎತ್ತದೇನೇ, "ಅಭ್ಯಾಸ ಆಗಿದೆ ಬಿಡೇ" ಅಂದ್ರು.

ಅಷ್ಟೇ ಸಾಕಿತ್ತು. ಕೆಟ್ಟ ಮಾತೇನಲ್ಲ, ಮಾವ ಸಮಾಧಾನಕ್ಕೇ ಹೇಳಿದ್ದು. ಆದ್ರೆ ಅತ್ತೆ ಪರದೆ ಮಡಚಿಟ್ಟು ಒಳಗೆ ಹೋದ್ರು. "ನಿನ್ನ ಕೆಲಸದ ವಿಷ್ಯ ಅಂದ್ರೆ ಬರ್ತೀನಿ ಬಿಡು" ಅಂತ ಒಳಗಿಂದ ಕೇಳಿಸ್ತು. ಮೆಲ್ಲಗೆ. ಅತ್ತೆ ಬಾಯಲ್ಲಿ ಮೆಲ್ಲಗೆ ಅನ್ನೋದು ಕೇಳಿದ್ದು ಅದೇ ಮೊದಲು.

ಮಾರನೇ ಬೆಳಿಗ್ಗೆ ಬಾಗಿಲು ಧಡಾರ್ ಅನ್ನಲಿಲ್ಲ. ಯಾರೋ ನನ್ನ ಭುಜ ಮುಟ್ಟಿದ್ರು. "ಏಳಮ್ಮ, ಹೊತ್ತಾಯ್ತು."

ನನ್ನ ಜನ್ಮದಲ್ಲಿ ಅಷ್ಟು ಹೆದರಿರ್ಲಿಲ್ಲ. ಯಾರೋ ಹೋಗ್ಬಿಟ್ಟಿದಾರೆ ಅಂತ್ಲೇ ಅಂದ್ಕೊಂಡೆ. ನೋಡಿದ್ರೆ ಅತ್ತೆ ಮೆತ್ತಗೆ ಬಾಗಿಲು ಮುಂದಕ್ಕೆ ಮಾಡ್ಕೊಂಡು ಹೋಗ್ತಿದಾರೆ. ಅಷ್ಟು ನಯವಾಗಿ ಎಬ್ಬಿಸಿದ್ರೆ ಯಾರಿಗೆ ಎಚ್ಚರ ಆಗುತ್ತೆ? ಮತ್ತೆ ಮಲಗಿಬಿಟ್ಟೆ. ಬಸ್ಸು ಹೋಯ್ತು. ಮಾವನೂ ಮಲಗೇ ಇದ್ರು. ಅಂಗಡಿ ಮುಂದೆ ಗಿರಾಕಿ ನಿಂತು, ಗಡಿಯಾರದ ಅಂಗಡಿಯವ್ರಿಗೇ ಹೊತ್ತು ಗೊತ್ತಾಗಲ್ವಾ ಅಂತ ಮಾತಾಡ್ಕೊಂಡು ಹೋದ್ರಂತೆ. ಹೀಗೇ ದಿನ ಉರುಳ್ತು. ಕೊನೆಗೊಂದು ಬೆಳಿಗ್ಗೆ ಮೇಲ್ಮನೆ ಮೇಷ್ಟ್ರು ಒಂದೇ ಕಡೆ ಶೇವ್ ಆಗಿರೋ ಮುಖ ಹೊತ್ಕೊಂಡು ಇಳಿದು ಬಂದ್ರು.

"ಏನ್ರೀ, ನಿಮ್ಮನೆಯವ್ರು ಬೈತಾ ಇಲ್ಲ ಈಗ? ಹುಷಾರಿಲ್ವಾ?"

"ಹುಷಾರಾಗಿದಾರೆ ಮೇಷ್ಟ್ರೇ" ಅಂದ್ರು ಮಾವ.

"ಮತ್ತೆ ಯಾಕ್ರೀ ಹಿಂಗೆ? ಸ್ಕೂಲಲ್ಲಿ ಹುಡುಗರು ತಡವಾಗಿ ಬಂದ್ರೆ ಬಾಗಿಲ ಹೊರಗೆ ನಿಲ್ಲಿಸೋನು ನಾನು. ನಿನ್ನೆ ಹೆಡ್‌ಮೇಷ್ಟ್ರು ನನ್ನನ್ನೇ ನಿಲ್ಲಿಸಿದ್ರು. ಸ್ವಲ್ಪ ಹೇಳಿ ಅವ್ರಿಗೆ."

ಯಾರು ಹೇಳ್ತಾರೆ? ಬೆಕ್ಕಿಗೆ ಗಂಟೆ ಕಟ್ಟೋದೇ ಕಷ್ಟ ಅಂತಾರೆ. ಇಲ್ಲಿ ಬೆಕ್ಕೇ ಗಂಟೆ ಬಿಚ್ಚಿ ಪಕ್ಕಕ್ಕಿಟ್ಟು ಕೂತಿತ್ತು. ಅತ್ತೆ ನಮ್ಮ ಜೊತೆ ಚೆನ್ನಾಗೇ ಇದ್ರು, ಅದೇ ಸಂಕಟ. "ಟೀ ಕುಡೀತೀಯಾ ಅಮ್ಮ?" "ಕೊಡೆ ತಗೊಂಡಿದೀಯಾ ಅಮ್ಮ?" ಯಾವುದೋ ಬ್ಯಾಂಕಿಂದ ಫೋನ್ ಮಾಡಿದವ್ರ ಥರ. ಒದ್ದೆ ಟವೆಲ್ ಬೇಕೂಂತ್ಲೇ ಹಾಸಿಗೆ ಮೇಲೆ ಬಿಸಾಕಿ ನೋಡಿದೆ. ಎತ್ತಿ ಒಣಗಿಸಿದ್ರು. ಒಂದು ಮಾತಿಲ್ಲ. ನಂಗೆ ಅಳು ಬಂತು.

ಸ್ಟುಡಿಯೋ ದಿನ ಬಂತು. ಅತ್ತೆ ಮದುವೆ ಮನೆಗೆ ಹೋಗೋ ಥರ ರೆಡಿಯಾಗಿ ಬಂದ್ರು. ಗಾಜಿನ ರೂಮಲ್ಲಿ ಮೈಕ್ ಮುಂದೆ ನಿಲ್ಲಿಸಿದ್ವಿ. ಅವರದೇ ಬೈಗುಳಾನ ದೊಡ್ಡ ಅಕ್ಷರದಲ್ಲಿ ಟೈಪ್ ಮಾಡಿ ಕೈಗೆ ಕೊಟ್ಟಿದ್ರು. ಅತ್ತೆ ಕನ್ನಡಕ ಹಾಕ್ಕೊಂಡು ವಾರ್ತೆ ಓದೋರ ಥರ ಓದಿದ್ರು:

"ಏನಮ್ಮಾ. ಹಾಸಿಗೆಗೆ ಬೇರನ್ನು ಬಿಟ್ಟಿದ್ದೀಯಾ. ನೀರನ್ನು ಹಾಕಲೇ, ಗೊಬ್ಬರವನ್ನು ಹಾಕಲೇ."

ಗಡ್ಡ ಬಟನ್ ಒತ್ತಿ ಮಾತಾಡಿದ್ರು. "ಅಮ್ಮಾ, ಅದ್ಭುತ. ಆದ್ರೆ ನೀವು ನೀವಾಗಿರಿ."

"ಆಗ್ಲಿ ಸಾರ್" ಅಂದ್ರು ಅತ್ತೆ. ಆಗ್ಲಿಸಾರ್ ಬೆಚ್ಚಿಬಿದ್ದು ನೋಡಿದ್ರು.

ಮತ್ತೆ ಓದಿದ್ರು. ಈ ಸಲ ಸಮಾಧಿ ಮೇಲಿನ ಬರಹ ಓದಿದಂಗೆ. ಗಡ್ಡ ಮತ್ತೆ ಬಟನ್ ಒತ್ತಿದ್ರು. "ಸಿಟ್ಟಿರ್ಲಿ ಅಮ್ಮಾ. ಆ ಸಿಟ್ಟಿನೊಳಗೆ ಒಂದು ನಗು ಇರ್ಲಿ. ನಗುವಿನೊಳಗೆ ಸಣ್ಣ ನೋವಿರ್ಲಿ. ಆ ನೋವಿಗೆ ಸ್ವಲ್ಪ ಹುರುಪಿರ್ಲಿ."

"ಇಷ್ಟೆಲ್ಲ ತುಂಬ್ಕೊಂಡ್ರೆ ಮಾತು ಎಲ್ಲಿಡ್ಲಿ ಸಾರ್?"

ಕೊನೆಗೆ ಗಡ್ಡಂಗೊಂದು ಐಡಿಯಾ ಬಂತು. ಎದುರಿಗೆ ನಿಜವಾಗ್ಲೂ ಯಾರಾದ್ರೂ ಮಲಗಿದ್ರೆ ಸಿಟ್ಟು ತಾನಾಗೇ ಬರುತ್ತೆ! ಯಾರು ಮಲಗೋದು? ಎಲ್ರೂ ಆಗ್ಲಿಸಾರ್ ಮುಖ ನೋಡಿದ್ರು. "ಆಗ್ಲಿ" ಅಂತ ಅವರು ಶೂ ಬಿಚ್ಚಿ, ನೆಲದ ಮೇಲೆ ಮಲಗಿ, ಸ್ಟುಡಿಯೋ ಮೂಲೇಲಿದ್ದ ಪರದೆ ಬಟ್ಟೆ ಹೊದ್ಕೊಂಡ್ರು. ಅತ್ತೆ ನೋಡಿದ್ರು. ಬಗ್ಗಿದ್ರು. ಈಗ ಬಂತು, ಈಗ ಬಂತು ಅಂತ ನಾವೆಲ್ಲ ಗಾಜಿಗೆ ಮುಖ ಒತ್ತಿದ್ವಿ. ಅತ್ತೆ ಅವರ ಕಾಲು ಹೊರಗೆ ಬಂದಿದ್ದನ್ನ ನೋಡಿ ಬಟ್ಟೆ ಎಳೆದು ಮುಚ್ಚಿ, "ಪಾಪ, ಎಷ್ಟು ಸುಸ್ತಾಗಿದೆಯೋ ಏನೋ. ಕಣ್ಣ ಕೆಳಗೆ ನೋಡಿ ಹೆಂಗೆ ಕಪ್ಪಾಗಿದೆ. ಸ್ವಲ್ಪ ಹೊತ್ತು ಮಲಗ್ಲಿ" ಅಂದ್ರು. ನಿಜ ಹೇಳ್ತೀನಿ, ಆಗ್ಲಿಸಾರ್ ಮಲಗೇಬಿಟ್ರು. ಎಷ್ಟು ವರ್ಷದ ನಿದ್ದೆ ಬಾಕಿ ಇತ್ತೋ. ಮುಂದಿನ ರೆಕಾರ್ಡಿಂಗ್ ಎಲ್ಲ ಅವರ ಗೊರಕೆ ಜೊತೆಗೇ ಆಯ್ತು, ಒಂದೂ ಉಪಯೋಗಕ್ಕೆ ಬರಲಿಲ್ಲ.

ವಾಪಸ್ ಬರ್ತಾ ಬಸ್ಸಲ್ಲಿ ಅತ್ತೆ ಕಿಟಕಿ ಕಡೆ ನೋಡ್ತಾ ಹೇಳಿದ್ರು: "ನಂಗೆ ಮೊದ್ಲು ಬೈತಾ ಇದೀನಿ ಅಂತ್ಲೇ ಗೊತ್ತಾಗ್ತಿರ್ಲಿಲ್ಲ ಕಣೇ. ಮಾತಾಡ್ತಾ ಇದೀನಿ ಅಂತಿದ್ದೆ. ಈಗ ಬಾಯಿ ತೆಗೆಯೋ ಮುಂಚೆ ಆ ತಗಡಿನ ಸದ್ದೇ ಕಿವೀಲಿ ಬರುತ್ತೆ."

ನಾನು ಮನಸ್ಸಲ್ಲಿ ಲೆಕ್ಕ ಹಾಕ್ತಿದ್ದೆ. ನಂಗೆ ಬೇಕಾಗಿದ್ದು ಒಂದೇ: ಅತ್ತೆ ಮತ್ತೆ ಬೈಬೇಕು. ಕುರ್ಚಿಗೋಸ್ಕರವೋ ಮನೆಗೋಸ್ಕರವೋ ಅಂತ ಕೇಳಿದ್ರೆ ಆಗ ನಂಗೂ ಗೊತ್ತಿರ್ಲಿಲ್ಲ.

ಆಫೀಸಲ್ಲಿ ಸೌಂಡಣ್ಣ ದಾರಿ ಹುಡುಕಿಬಿಟ್ಟಿದ್ದ. ಒಬ್ಬರ ದನಿ ಚೂರು ಕೊಟ್ರೆ ಕಂಪ್ಯೂಟರು ಅದನ್ನ ಕಲಿತು ಏನು ಬೇಕಾದ್ರೂ ಹೇಳುತ್ತಲ್ಲ, ಅದಕ್ಕೆ ಆ ಕಂಬಳಿಯೊಳಗಿನ ಫೈಲ್ ತಿನ್ನಿಸಿದ. ಅತ್ತೆ ದನಿ ತಯಾರು. ಕೀಲಿ ಒತ್ತಿದ್ರೆ ಸಾಕು, "ಏನೇ!" ಅಂತ ಸ್ಪೀಕರು ಗದರುತ್ತೆ. ನಾನು ಕುರ್ಚಿಯಿಂದ ಬಿದ್ದೆ, ಈ ಸಲ ಎಡಗೈ ಇಲ್ಲದ್ದಕ್ಕಲ್ಲ.

"ನೋಡಿದ್ಯಾ ಮರಿ! ಸುಸ್ತಾಗಲ್ಲ, ನಾಚ್ಕೊಳಲ್ಲ, ಬಸ್ ಚಾರ್ಜೂ ಬೇಡ" ಅಂದ್ರು ಗಡ್ಡ. ದನಿ ಹೇಳಿದ ಮಾತು ಕೇಳುತ್ತೆ ಅಂತ ಗೊತ್ತಾದ ಮೇಲೆ ಎಲ್ರಿಗೂ ಕೈ ತುರಿಸೋಕೆ ಶುರುವಾಯ್ತು. ಕ್ಲೈಂಟ್ ಕಡೆಯಿಂದ ತಿದ್ದುಪಡಿ ಬಂತು: ಬೇರು ಅನ್ಬೇಡಿ, ಗೆದ್ದಲು ನೆನಪಾಗುತ್ತೆ. ಆಗ್ಲಿ ಸಾರ್. ಗೊಬ್ಬರ ಅನ್ಬೇಡಿ, ವಾಸನೆ. ಆಗ್ಲಿ ಸಾರ್. ಏನೇ ಅನ್ಬೇಡಿ, ಗಿರಾಕಿಗಳಿಗೆ ಮರ್ಯಾದೆ ಇರ್ಲಿ. ಆಗ್ಲಿ ಸಾರ್. ನಮ್ಮದು ಹಾಸಿಗೆ, ಏಳು ಅಂದ್ರೆ ಹೆಂಗೆ ಸ್ವಾಮಿ, ಮಲಗು ಅನ್ಲಿ. ಆಗ್ಲಿ ಸಾರ್, ಆಗ್ಲಿ ಸಾರ್, ಆಗ್ಲಿ ಸಾರ್. ಎಲ್ಲ ತಿದ್ದಿ ಮುಗಿದಾಗ ಉಳಿದಿದ್ದು ಅತ್ತೆ ದನಿ ಮತ್ತು ಹಕ್ಕಿ.

"ಇನ್ನು ನಿಮ್ಮತ್ತೆ ಒಂದು ಹೂಂ ಅಂದ್ರೆ ಆಯ್ತು" ಅಂದ್ರು ಆಗ್ಲಿಸಾರ್. "ಅವರ ದನಿ ಅಲ್ವಾ, ಒಪ್ಪಿಗೆ ಬೇಕು. ನೀನು ಹೂಂ ಅನ್ನಿಸ್ಕೊಂಡು ಬಾ, ಕುರ್ಚಿ ರೆಡಿ ಇದೆ." ನಿಜವಾಗ್ಲೂ ರೆಡಿ ಇತ್ತು. ಪ್ಲಾಸ್ಟಿಕ್ ಕವರ್ ಸಮೇತ ಮೂಲೆಯಲ್ಲಿ ನಿಲ್ಲಿಸಿದ್ರು. ಎರಡು ಕೈ.

ಸಂಜೆ ಅತ್ತೆ ಅಡುಗೆಮನೇಲಿ ಪಾತ್ರೆ ಒರೆಸ್ತಿದ್ರು. ಮಾವ ಬಾಗಿಲಲ್ಲಿ ನಿಂತು ಟೀ ಕುಡೀತಿದ್ರು. ನಾನು ವಿಷ್ಯ ಹೇಳಿ, ಫೋನು ಕಟ್ಟೆ ಮೇಲಿಟ್ಟು, ಒತ್ತಿದೆ. ಅತ್ತೆ ದನಿ ಬಂತು. ಥೇಟ್ ಅತ್ತೆ.

"ಕಂದಾ, ನಿನ್ನ ಹಾಸಿಗೆ ಎಷ್ಟು ಮೃದು! ಏಳೋಕೆ ಮನಸ್ಸಿಲ್ವಾ? ಇನ್ನೈದು ನಿಮಿಷ ಮಲಗ್ಕೋ. ಜೊತೆಗೆ ಎರಡು ದಿಂಬು ಉಚಿತ." ಕುಹೂ.

ಅತ್ತೆ ಕೈಯಲ್ಲಿದ್ದ ಲೋಟ ಅಲ್ಲೇ ನಿಂತ್ಹೋಯ್ತು.

"ಇನ್ನೊಂದ್ಸಲ ಹಾಕು."

ಹಾಕಿದೆ.

"ಇನ್ನೈದು ನಿಮಿಷ?" ಅಂದ್ರು ಅತ್ತೆ. "ನಾನು? ಇನ್ನೈದು ನಿಮಿಷ ಮಲಗ್ಕೋ ಅಂದ್ನಾ?"

"ಅದು ನೀವಲ್ಲ ಅತ್ತೆ, ಕಂಪ್ಯೂಟರು..."

"ಹುಟ್ಟಿದಾಗ್ಲಿಂದ ಒಬ್ಬರಿಗಾದ್ರೂ ಇನ್ನೈದು ನಿಮಿಷ ಅಂತ ಹೇಳಿದೀನೇನೇ ನಾನು? ಜ್ವರ ಬಂದಾಗ್ಲೂ ಎದ್ದು ಮುಖ ತೊಳ್ಕೊಂಡು ಜ್ವರ ಬರಿಸ್ಕೋ ಅಂದೋಳು! ಯಾವನೇ ಅವನು ನನ್ನ ಬಾಯಿಗೆ ಬೆಲ್ಲ ಮೆತ್ತಿದೋನು? ಕಂದ ಅಂತೆ ಕಂದ! ದಿಂಬು ಉಚಿತ ಅಂತೆ! ಊರೆಲ್ಲ ಕೇಳಿಸ್ಕೊಂಡು ಈಯಮ್ಮ ಮನೆ ಮಕ್ಕಳನ್ನ ಮಲಗಿಸಿ ಹಾಳು ಮಾಡ್ತಾಳೆ ಅನ್ನಲ್ವಾ? ನಿಮ್ಮಾಫೀಸಲ್ಲಿ ತಲೆ ಇರೋರು ಯಾರೂ ಇಲ್ವಾ, ಎಲ್ಲ ಗಡ್ಡ ಇರೋರೇನಾ?"

ಬಂತು! ದೇವ್ರೇ, ಬಂತು! ಮೇಲಿನ ಶೆಲ್ಫಿನ ಡಬ್ಬಿ ಮುಚ್ಚಳ ಅದುರ್ತಿತ್ತು. ಮಾವ ಟೀ ಲೋಟ ಕೆಳಗಿಟ್ಟು ಕೈ ಕಟ್ಕೊಂಡು, ಮಳೆ ನೋಡೋರ ಥರ ನಿಂತುಬಿಟ್ರು. ಮಹಡಿ ಮೇಲೆ ಮೇಷ್ಟ್ರ ಕುರ್ಚಿ ಸರಿದ ಸದ್ದು.

ನನ್ನ ಹೆಬ್ಬೆರಳು ಫೋನಿನ ಕೆಂಪು ರೆಕಾರ್ಡ್ ಬಟನ್ ಕಡೆ ಹೋಯ್ತು. ಸುಳ್ಳು ಯಾಕೆ ಹೇಳ್ಲಿ, ಹೋಯ್ತು. ಗಡ್ಡ ಸ್ಟುಡಿಯೋದಲ್ಲಿ ಎಷ್ಟು ಬೇಡಿದ್ರೂ ಸಿಗದೇ ಇದ್ದಿದ್ದು ಇಲ್ಲಿ ಬಿಟ್ಟಿಯಾಗಿ ಸುರೀತಿದೆ. ಒತ್ತಿದ್ರೆ ಯಜಮಾನರು ಖುಷಿ, ಗಡ್ಡ ಖುಷಿ, ಕುರ್ಚಿ ನಂದು. ಒತ್ತಿದೆ.

ಅತ್ತೆ ಕಣ್ಣು ಫೋನಿನ ಮೇಲೆ ಬಿತ್ತು. ಕೆಂಪು ಚುಕ್ಕಿ ಮಿಣುಕ್ತಿತ್ತು. ಉಸಿರು ತಗೊಳೋಕೆ ನಿಲ್ಲಿಸಿದ್ದ ಮಾತು ಅಲ್ಲೇ ಕುಗ್ಗಿತು. ಸೆರಗಲ್ಲಿ ಕೈ ಒರೆಸ್ಕೊಂಡ್ರು. "ನೀನೇನು ಮಾಡ್ತೀಯ... ನಿನ್ನ ಕೆಲ್ಸ ಅದು... ಅಮ್ಮ..." ದನಿ ಇಳೀತಾ ಇಳೀತಾ ಆ ಬ್ಯಾಂಕಿನೋರ ದನಿ ಹತ್ರ ಬಂತು.

ಆ "ಅಮ್ಮ" ಕೇಳಿದ್ದೇ ತಡ, ನಾನೇನೂ ಯೋಚ್ನೆ ಮಾಡ್ಲಿಲ್ಲ. ಫೋನ್ ಆಫ್ ಮಾಡಿ, ಆ ಫೈಲೂ ಬೇಡ ಯಾವುದೂ ಬೇಡ ಅಂತ, ಅಲ್ಲೇ ಇದ್ದ ಅಕ್ಕಿ ಡಬ್ಬಿ ತೆಗೆದು ಒಳಗೆ ತುರುಕಿ ಮುಚ್ಚಳ ಹಾಕಿಬಿಟ್ಟೆ.

ಅತ್ತೆ ಡಬ್ಬಿ ನೋಡಿದ್ರು. ನನ್ನ ನೋಡಿದ್ರು. ಮತ್ತೆ ಡಬ್ಬಿ.

"ಅಯ್ಯೋ ನಿನ್ನ ಬುದ್ಧಿಗಿಷ್ಟು! ತಿನ್ನೋ ಅಕ್ಕಿಯೊಳಗೆ ಫೋನ್ ಹೂಳ್ತೀಯೇನೇ? ಅದೇನು ಮೊಳಕೆ ಒಡೆಯುತ್ತಾ? ಬಸ್ಸಲ್ಲಿ ಹಿಡಿದ ಕೈ, ಆಫೀಸಲ್ಲಿ ಎಲ್ಲೆಲ್ಲಿ ಇಟ್ಟಿದ್ದೋ..."

"ಅಭ್ಯಾಸ ಅಲ್ಲ ಕಣೇ" ಅಂದ್ರು ಮಾವ ಇದ್ದಕ್ಕಿದ್ದ ಹಾಗೆ. ಅತ್ತೆ ತಿರುಗಿದ್ರು. ಮಾವ ಎಷ್ಟು ದಿನದಿಂದ ಕಾಯ್ಕೊಂಡಿದ್ರೋ ಹೇಳೋಕೆ. "ಅವತ್ತು ಅಭ್ಯಾಸ ಆಗಿದೆ ಅಂದ್ನಲ್ಲ, ಅದು ತಪ್ಪು. ಇದಿಲ್ದಿದ್ರೆ ನಂಗೆ ಬೆಳಗಾಗಲ್ಲ."

"ನೀವು ಸುಮ್ನಿರಿ, ಟೀ ಲೋಟ ನೆಲದ ಮೇಲಿಟ್ಟಿದೀರಿ, ಯಾರು ಎಡವಿ ಬೀಳ್ಲಿ ಅಂತ?" ಅಂದ್ರು ಅತ್ತೆ. ಆದ್ರೆ ಕಿವಿ ಕೆಂಪಾಗಿತ್ತು.

ಮಾರನೇ ದಿನ ಆಫೀಸಿಗೆ ಹೋಗಿ ಹೇಳ್ದೆ: "ಅತ್ತೆ ಹೂಂ ಅನ್ಲಿಲ್ಲ. ಮೆಷಿನ್ ದನಿಯೂ ಬೇಡವಂತೆ."

ಮೊದಲ ಸಲ ಆಗ್ಲಿಸಾರ್ ಬಾಯಿಂದ "ಆಗ್ಲಿ" ಬರಲಿಲ್ಲ. "ಮಧ್ಯಾಹ್ನ ಯಜಮಾನರು ಬರ್ತಾರಲ್ಲಾ!" ಅಂದ್ರು. "ಆ ಜಾಗದಲ್ಲಿ ಏನು ಹಾಕೋದೀಗ?" ಅಂತ ಗಡ್ಡ ನನ್ನ ಮೇಲೆ ರೇಗಿದ್ರು.

ನಂಗೂ ರೇಗಿತ್ತು. "ಏನೂ ಹಾಕ್ಬೇಡಿ. ಖಾಲಿ ಬಿಡಿ" ಅಂದೆ.

ಗಡ್ಡನ ಕೈ ಗಡ್ಡದ ತುದೀಲಿತ್ತು. ನಿಧಾನಕ್ಕೆ ಮೇಲಕ್ಕೆ ಹೋಯ್ತು, ಮೇಲಿಂದ ಕೆಳಕ್ಕೆ ಇಳೀತು. ಆಗ್ಲೇ ನಂಗೆ ಗೊತ್ತಾಯ್ತು, ಆ ಐಡಿಯಾ ಇನ್ನು ನಂದಲ್ಲ.

ಮಧ್ಯಾಹ್ನ ಯಜಮಾನರು ಬಂದು ಕೂತ್ರು, ಕೈ ಕಟ್ಟಿದ್ರು, ನಿದ್ದೆ ಹೋದ್ರು. ಸ್ಪೀಕರಲ್ಲಿ ನನ್ನ ದನಿ: ನಿದ್ರೆ ಒಂದು ನದಿ, ನೀನು ಒಂದು ದೋಣಿ, ದಡ ಎಲ್ಲಿ... ಆಮೇಲೆ ಏನೂ ಇಲ್ಲ. ಖಾಲಿ. ಫ್ಯಾನ್ ನಿಂತ್ರೆ ಎಚ್ಚರ ಆಗುತ್ತಲ್ಲ, ಹಂಗೆ ಯಜಮಾನರು ಕಣ್ಣು ಬಿಟ್ರು. "ಯಾಕ್ರೀ ನಿಂತೋಯ್ತು?" ಆಗ ಕಂಪನಿ ಹೆಸರು ಬಂತು. ಹಿಂದೇನೇ ಹಕ್ಕಿ.

"ಮೌನ ತಂತ್ರ ಸಾರ್" ಅಂದ್ರು ಗಡ್ಡ. "ಬಹಳ ದಿನದ ಅಧ್ಯಯನ."

ಯಜಮಾನರು ತಲೆ ಕೆರ್ಕೊಂಡು, "ಆಯಮ್ಮ ಇದ್ದಿದ್ರೆ ಚೆನ್ನಾಗಿತ್ತು. ಇರ್ಲಿ, ಎಚ್ಚರ ಅಂತೂ ಆಯ್ತು" ಅಂತ ಒಪ್ಪಿದ್ರು. ಕಚ್ಚಾ ದನಿ ಅಂತ ಓದಿದ್ದ ನನ್ನ ದನೀನೇ ಇರ್ಲಿ, ಬೇರೆ ಕಲಾವಿದರ ಖರ್ಚು ಯಾಕೆ ಅಂತಾನೂ ಅಂದ್ರು. ಆಗ್ಲಿ ಸಾರ್. ಸಂಜೆ ಗಡ್ಡ ನನ್ನ ಕರೆದು, "ಮರಿ, ನೀನಿನ್ನೂ ಸ್ವಲ್ಪ ಪಕ್ವ ಆಗ್ಬೇಕು. ಮಳೆಗಾಲ ಮುಗೀಲಿ, ನೋಡೋಣ" ಅಂದ್ರು. ಎರಡು ಕೈ ಕುರ್ಚಿ ಈಗ ಪ್ರೆಸೆಂಟೇಶನ್ ರೂಮಲ್ಲಿದೆ. ಯಜಮಾನರು ಬಂದಾಗ ಅದರಲ್ಲೇ ಮಲಗೋದು.

ಜಾಹೀರಾತು ಮೊದಲ ಸಲ ಬಂದಿದ್ದು ಬೆಳಗಿನ ವಾರ್ತೆ ಆದ ಮೇಲೆ. ಮಾವ ಬೇಕೂಂತ್ಲೇ ರೇಡಿಯೋ ಜೋರು ಮಾಡಿಟ್ಟಿದ್ರು. ನಾನು ಹಾಸಿಗೇಲೇ ಇದ್ದೆ. ನನ್ನ ದನಿ ನಾನೇ ಕೇಳ್ಬೇಕಲ್ಲ, ನಾಚಿಕೆಗೆ ಕಂಬಳಿ ಮುಸುಕೆಳ್ಕೊಂಡಿದ್ದೆ. ನಿದ್ರೆ... ಒಂದು ನದಿ. ಛೆ, ಹಿಂಗಿದೆಯಾ ನನ್ನ ದನಿ? ತೂತು ಬಿದ್ದ ಬಲೂನು. ನೀನು... ಒಂದು ದೋಣಿ. ದಡ... ಎಲ್ಲಿ...

ಮೌನ.

"ಏನೇ! ರೇಡಿಯೋನೂ ನಿನ್ನ ನೋಡಿ ಮಲಗ್ತು! ಇಡೀ ಮನೆಗೆ ಅಂಟಿಸ್ತೀಯಾ ಈ ರೋಗಾನ? ಏಳ್ತೀಯೋ, ಹಾಸಿಗೆ ಸಮೇತ ಮಡಚಿ ಅಟ್ಟಕ್ಕೆ ಹಾಕ್ಲೋ?"

ಮಹಡಿ ಮೇಲೆ ಧಡ್ ಅಂತ ಮೇಷ್ಟ್ರ ಕಾಲು ನೆಲಕ್ಕೆ ಬಿತ್ತು. ಕಿಟಕಿಯಾಚೆ, ರೇಡಿಯೋದ ಅದೇ ಖಾಲಿಯಲ್ಲಿ, ಎದುರು ಮನೇಲಿ ಯಾರೋ ಯಾರನ್ನೋ ಬೈತಿದ್ರು. ಅದರ ಪಕ್ಕದ ಮನೇಲಿ ಇನ್ಯಾರೋ. ಆಮೇಲೆ ಎಲ್ಲ ಮನೆ ರೇಡಿಯೋದಿಂದ ಒಟ್ಟಿಗೇ ಕಂಪನಿ ಹೆಸರು ಬಂತು, ಹಿಂದೆ ಹಕ್ಕಿ.

ನಾನು ಎದ್ದೆ.